ಕಾಕಾ ನೀರು ಹನಿಸದ ದಿನ

ಕಳೆದ ವಾರ ಮಹಾಪೆಯ ನಮ್ಮ ಆಫೀಸಿನ ಪಾರ್ಕಿಂಗಿನಲ್ಲಿ ಯಾರೋ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಬೈಕು ಒರೆಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಪಕ್ಕದ ಕಂಬ ಹಿಡಿದು ನಿಂತೆ. ವಾಚ್‌ಮನ್ ಓಡಿಬಂದು, "ಬಿಪಿ ಹೈ ಕ್ಯಾ ಸರ್?" ಎಂದು ಕೇಳಿದ. ಆರು ವರ್ಷದ ಹಿಂದಿನ ಒಂದು ಮಧ್ಯಾಹ್ನವನ್ನು ಅವನಿಗೆ ಹೇಗೆ ಹೇಳುವುದು? ಹೌದೆಂದು ತಲೆಯಾಡಿಸಿದೆ.

ಆಗ ನಾನು ಕಲ್ಯಾಣದಲ್ಲಿದ್ದೆ. ಅಲ್ಲಿಂದ ಶಹಾಡಿಗೆ ಹೋಗುವ ರಸ್ತೆಯ ಬದಿಯಲ್ಲಿ, ಒಂದು ವಡಾಪಾವ್ ಗಾಡಿಯ ಪಕ್ಕ ಅವರು ಕೂರುತ್ತಿದ್ದರು. ಎಲ್ಲರೂ ಅವರನ್ನು ಕಾಕಾ, ವಡೆ ಕರಿಯುವ ಹೆಂಗಸನ್ನು ಮಾವಶಿ ಎನ್ನುತ್ತಿದ್ದರು, ನಾನೂ. ಕಾಕಾ ವಿಜಯಪುರದ ಕಡೆಯವರು. ಭಿವಂಡಿಯ ಪವರ್‌ಲೂಮುಗಳ ಸದ್ದಿನಲ್ಲಿ ಇಪ್ಪತ್ತು ವರ್ಷ ದುಡಿದು, ಕಿವಿ ಮಂದವಾದ ಮೇಲೆ ಬೈಕು ತೊಳೆಯುವ ಕೆಲಸಕ್ಕೆ ಇಳಿದಿದ್ದರು. ಸೈಲೆನ್ಸರಿನ ಕ್ರೋಮ್ ತುದಿಗೆ ಅಂಟಿದ ಡಾಂಬರು, ಅದರ ಮೇಲೆ ಸುಟ್ಟು ಕೂತ ಎಣ್ಣೆಯ ಕರಿ, ಇವನ್ನು ತೆಗೆಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಸೀಮೆಎಣ್ಣೆಯ ಬಟ್ಟೆಯನ್ನು ಡಾಂಬರಿನ ಮೇಲೆ ಸುತ್ತಿ ನೆನೆಯಲು ಬಿಡುತ್ತಿದ್ದರು. ಮೆತ್ತಗಾದದ್ದನ್ನು ಒರೆಸಿ, ಸಿಗರೇಟು ಪ್ಯಾಕಿನೊಳಗಿನ ಬೆಳ್ಳಿ ಕಾಗದವನ್ನು ಉಂಡೆ ಮಾಡಿ, ನೀರಿನಲ್ಲಿ ಅದ್ದಿ ತಿಕ್ಕುತ್ತಿದ್ದರು. ಒಂದು ಗೀರೂ ಇಲ್ಲದೆ ಮುಖ ಕಾಣುವಷ್ಟು ಹೊಳಪು ಬರುತ್ತಿತ್ತು.

ಆದರೆ ಬಟ್ಟೆ ಮುಟ್ಟುವ ಮೊದಲು ಒಂದು ಪದ್ಧತಿಯಿತ್ತು. ಕಾದ ಸೈಲೆನ್ಸರ್ ಆರುವಾಗ ಲೋಹ ಟಿಕ್ ಟಿಕ್ ಎನ್ನುತ್ತದೆ. ಬೇರೆಯವರು ಅದನ್ನು ಕೇಳಿ ಅಂದಾಜು ಮಾಡುತ್ತಾರೆ. ಕಾಕಾಗೆ ಅದು ಕೇಳುತ್ತಿರಲಿಲ್ಲ. ಅದಕ್ಕೆ ಅವರು ಪ್ಲಾಸ್ಟಿಕ್ ಮಗ್ಗಿನಲ್ಲಿ ಬೆರಳದ್ದಿ, ಇಂಜಿನ್ನಿನಿಂದ ತುದಿಯವರೆಗೆ ಮೂರು ಕಡೆ ನೀರು ಹನಿಸುತ್ತಿದ್ದರು. ಹನಿ ಹಬೆಯಾಗಿ ಹಾರಿದರೆ ಕೆಲಸ ಶುರುವಾಗುತ್ತಿರಲಿಲ್ಲ.

"ಆರಬೇಕ್ರೀ ಸರ್. ಚಾ ಕುಡೀರಿ."

ನಾನು ಗಡಿಯಾರ ನೋಡಿದರೆ ನಗುತ್ತಿದ್ದರು. "ಉಡುಪಿ ಮಂದಿ ನೀವು. ಇಡ್ಲಿ ಬೇಯಾಕ ಕಾಯ್ತೀರಿ, ಗಾಡಿ ಆರಾಕ ಕಾಯಂಗಿಲ್ಲೇನು?"

ಆ ದಿನ ನಾನು ಭಾವನ ಹೊಸ ಬೈಕು ಕೇಳಿ ತಂದಿದ್ದೆ. ಶಹಾಡಿನ ಆಚೆ ಆಗಷ್ಟೇ ಹಾಕಿದ ಡಾಂಬರಿನ ಮೇಲೆ ಓಡಿಸಿ, ಸೈಲೆನ್ಸರಿನುದ್ದಕ್ಕೂ ಕಪ್ಪು ಚುಕ್ಕೆ ಎರಚಿಸಿಕೊಂಡಿದ್ದೆ. ಐದು ಗಂಟೆಗೆ ಡೊಂಬಿವಲಿಯಲ್ಲಿ ಗಾಡಿ ಒಪ್ಪಿಸಬೇಕಿತ್ತು. ಭಾವ ಬೈಯುವವರಲ್ಲ. ಅಕ್ಕನ ಮುಖ ನೋಡಿ ಮೆಲ್ಲಗೆ ನಗುತ್ತಾರೆ. ಆ ನಗು ನನಗೆ ಬೇಡವಾಗಿತ್ತು… ಇಷ್ಟೇ ಕಾರಣ.

ನಾನು ತಲುಪಿದಾಗ ಕಾಕಾ ನೀರು ತರಲು ಹೋಗಿದ್ದರು. ಬಂದವರು ಸೈಲೆನ್ಸರ್ ನೋಡಿ, "ಡಾಂಬರ ರೋಡಿಗೆ ಹಾಕ್ಯಾರೋ, ನಿಮ್ಮ ಗಾಡಿಗೆ ಹಾಕ್ಯಾರೋ?" ಎಂದರು. ಆಮೇಲೆ ಒಂದು ಬಾಟಲಿ ಎತ್ತಿ ತೋರಿಸಿದರು. "ಸೀಮೆಎಣ್ಣಿ ಎಲ್ಲೂ ಸಿಗವಲ್ದುರೀ. ಇವತ್ತ ಪೆಟ್ರೋಲ್ ಐತಿ. ಗಾಡಿ ಆರೈತಿ ಹೌದಲ್ರೀ?"

ಗಾಡಿ ನಿಂತು ಐದು ನಿಮಿಷವೂ ಆಗಿರಲಿಲ್ಲ. ಟಿಕ್ ಟಿಕ್ ಸದ್ದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ಗಾಡಿ ನಿಲ್ಲಿಸಿ ಅರ್ಧ ಗಂಟೆ ಆಯ್ತು ಮಾರಾಯ್ರೆ!" ಎಂದು ಅವರಿಗೆ ಕೇಳುವಂತೆ ಜೋರಾಗಿ ಹೇಳಿದೆ.

ಅವರ ಬೆರಳು ಆಗಲೇ ಮಗ್ಗಿನ ನೀರಿನಲ್ಲಿತ್ತು. ಅದನ್ನು ಲುಂಗಿಗೆ ಒರೆಸಿಕೊಂಡು ಬಟ್ಟೆ ಎತ್ತಿಕೊಂಡರು.

ಮೊದಲು ತುದಿಯನ್ನು ಒರೆಸಿದರು. ಏನೂ ಆಗಲಿಲ್ಲ. ನಾನು ಉಸಿರು ಬಿಟ್ಟೆ. ಆಮೇಲೆ ಕೈ ಇಂಜಿನ್ನಿನ ಹತ್ತಿರ ಕೊಳವೆ ಬಾಗುವ ಕಡೆಗೆ ಹೋಯಿತು. ಭುಗ್ ಎಂದಿತು. ಬಿಸಿಲಿನಲ್ಲಿ ಬೆಂಕಿ ಕಾಣಿಸಲೇ ಇಲ್ಲ, ಗಾಳಿ ನಡುಗಿದ ಹಾಗಿತ್ತು. ಮರುಕ್ಷಣ ಅವರ ತೋಳು ಉರಿಯುತ್ತಿತ್ತು. ಕೈ ಕೊಡವಿದಾಗ ಬಟ್ಟೆ ಹೋಗಿ ಬಿದ್ದದ್ದು ಮುಚ್ಚಳ ತೆಗೆದಿಟ್ಟಿದ್ದ ಬಾಟಲಿಯ ಮೇಲೆ. ಅಲ್ಲಿಂದ ಎರಡೇ ಹೆಜ್ಜೆಗೆ ವಡಾಪಾವ್ ಗಾಡಿಯ ಗ್ಯಾಸ್. ವಡೆ ಕರಿಯುತ್ತಿದ್ದ ಮಾವಶಿ, "ಸಿಲಿಂಡರ್! ಸಿಲಿಂಡರ್!" ಎಂದು ಕಿರುಚುತ್ತಿದ್ದರು.

ನಾನು ಹೆಲ್ಮೆಟ್ ಹಿಡಿದುಕೊಂಡು ನಿಂತಿದ್ದೆ. ಈಗಲೂ ಕಣ್ಣು ಮುಚ್ಚಿದರೆ ಮೊದಲು ಕಾಣುವುದು ಆ ಹೆಲ್ಮೆಟ್ಟೇ. ಕಾಲು ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಬರಲಿಲ್ಲ. ಕಾಕಾ ಉರಿಯುವ ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿ, ಎದೆಗೆ ಹತ್ತಿರ ಹಿಡಿದು ಗಟಾರದ ಕಡೆಗೆ ಓಡಿದರು. ಹತ್ತು ಹನ್ನೆರಡು ಹೆಜ್ಜೆ ಇರಬಹುದು. ಪ್ಲಾಸ್ಟಿಕ್ಕು ಕರಗಿ ಬೆರಳುಗಳ ಮೇಲೆ ಇಳಿಯುತ್ತಿತ್ತು. ಅವರು ಕೂಗಲಿಲ್ಲ. ಗಟಾರಕ್ಕೆ ಎಸೆದ ಮೇಲೆ ಕೂಗಿದರು… ಆ ಕೂಗು.

ಯಾರೋ ಮರಳು ಎರಚಿ ಬೈಕಿನ ಬೆಂಕಿ ಆರಿಸಿದರು. ರಿಕ್ಷಾದಲ್ಲಿ ಅವರನ್ನು ನಾನೇ ಆಸ್ಪತ್ರೆಗೆ ಕರೆದೊಯ್ದೆ. ಕೈಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದುಕೊಂಡು, "ಮಾವಶಿಗೆ ಏನೂ ಆಗಿಲ್ಲಲ್ರೀ?" ಎಂದು ಎರಡೆರಡು ಸಲ ಕೇಳಿದರು. ಹೇಗಾಯಿತೆಂದು ಡಾಕ್ಟರು ವಿಚಾರಿಸಿದಾಗ, "ಮೇರೀ ಗಲ್ತಿ ಸಾಬ್. ಪಾನೀ ಡಾಲ್‌ಕೇ ನಹೀ ದೇಖಾ," ಎಂದು, ನೀರು ಹನಿಸಿ ನೋಡದಿದ್ದ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ನಾನು ಪಕ್ಕದಲ್ಲೇ ಇದ್ದೆ. ಬಾಯಿ ತೆರೆದೆ. ಪೊಲೀಸು, ಕೇಸು, ನನ್ನ ಆಫೀಸು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಮುಚ್ಚಿಕೊಂಡೆ.

ಹೇಳಿಬಿಡಬೇಕೆಂದು ಎರಡು ಸಲ ವಾರ್ಡಿಗೆ ಹೋದೆ. ಎರಡು ಸಲವೂ ಮೂಸಂಬಿ ಇಟ್ಟು, ಊಟ ಮಾಡಿದಿರಾ ಎಂದು ಕೇಳಿ ಬಂದೆ. ಮೂರನೆಯ ಸಲ ಹಾಸಿಗೆಯಲ್ಲಿ ಬೇರೆ ಯಾರೋ ಇದ್ದರು. ಮಗಳು ಬಂದು ಊರಿಗೆ ಕರೆದುಕೊಂಡು ಹೋದಳು, ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿವೆ, ಇನ್ನು ಬಿಡಿಸಲಾಗದು ಎಂದು ನರ್ಸ್ ಹೇಳಿದರು. ಅಂದಿನಿಂದ ನಾನು ಆ ರಸ್ತೆಯಲ್ಲಿ ಓಡಾಡುವುದನ್ನೇ ಬಿಟ್ಟೆ. ಮನೆಯನ್ನೂ ಬದಲಾಯಿಸಿದೆ.

ಪಾರ್ಕಿಂಗಿನಲ್ಲಿ ಹಾಗಾದ ಮೇಲೆ, ಮೊನ್ನೆ ಭಾನುವಾರ, ಶಹಾಡಿನ ಆ ರಸ್ತೆಗೆ ಹೋದೆ. ವಡಾಪಾವ್ ಗಾಡಿ ಅಲ್ಲೇ ಇತ್ತು. ಮಾವಶಿ ಗುರುತು ಹಿಡಿದರು. ಕಾಕಾ ತೀರಿಹೋಗಿ ಎರಡು ವರ್ಷವಾಯಿತು, ಇರುವ ತನಕ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದರು ಎಂದರು. ನಾನು ಅಲ್ಲೇ ನಿಂತು, ಅರ್ಧ ಗಂಟೆ ಆಯ್ತೆಂದು ಅಂದು ಆಡಿದ ಸುಳ್ಳನ್ನು ಅವರ ಮುಂದೆ ಬಿಚ್ಚಿ ಹೇಳಿದೆ. ಅವರು ಕರಿಯುವುದನ್ನು ನಿಲ್ಲಿಸಲಿಲ್ಲ.

"ಮಾಲೂಮ್ ಥಾ ಉನ್‌ಕೋ," ಎಂದರು.

ಕಾಕಾಗೆ ಗೊತ್ತಿತ್ತಂತೆ. ತುದಿ ಒರೆಸುವಾಗಲೇ ಬಟ್ಟೆಯೊಳಗಿಂದ ಬಿಸಿ ತಾಗಿತ್ತಂತೆ. ಸರ್ ಅವಸರದಲ್ಲಿದ್ದಾರೆ, ಈಗ ಕೈ ನಿಲ್ಲಿಸಿದರೆ ಅವರನ್ನು ಸುಳ್ಳುಗಾರ ಎಂದ ಹಾಗಾಗುತ್ತದೆ, ಬೇಗ ಬೇಗ ಮುಗಿಸಿಬಿಡೋಣ ಅಂದುಕೊಂಡೆ ಎಂದು ಅವರೇ ಫೋನಿನಲ್ಲಿ ಹೇಳಿದ್ದರಂತೆ.

ಅಳು ಬರಬೇಕಿತ್ತು. ನನ್ನ ಬಾಯಿಂದ ಬಂದದ್ದು, ಕಾಕಾ ಇದನ್ನು ಇನ್ಯಾರಿಗಾದರೂ ಹೇಳಿದ್ದರೇ ಎಂಬ ಪ್ರಶ್ನೆ.

"ಔರ್ ಕಿಸೀಕೋ ಬತಾಯಾ ಥಾ?"

ಮಾವಶಿ ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ಒರಗಿಸಿ, ಮೊದಲ ಸಲ ನನ್ನನ್ನು ನೇರವಾಗಿ ನೋಡಿದರು.

"ಅಭೀ ಭೀ ಡರ್ತೇ ಹೋ?"

"ಹಾಂ," ಎಂದು ಈಗಲೂ ಇರುವ ಹೆದರಿಕೆಯನ್ನು ಒಪ್ಪಿಕೊಂಡೆ. ಅಷ್ಟನ್ನಾದರೂ ನಿಜ ಹೇಳಿದೆ… ಕೇಳಿಸಿಕೊಳ್ಳಬೇಕಾದವರು ಇಲ್ಲವಾದ ಮೇಲೆ.