ಹುಣಸೆನೀರಿನಲ್ಲಿ ತೊಳೆದ ಕಪ್ಪೆಕಾಲು

ಭದ್ರಾವತಿಯ ಓಲ್ಡ್ ಟೌನಿನ ಉಜ್ಜನಪ್ಪ ಶಿವಮೊಗ್ಗದ ರೈಲು ಹತ್ತಿದರೆ ಅರ್ಧ ಬೋಗಿ ಖಾಲಿಯಾಗುತ್ತಿತ್ತು. ಕಾರಣ, ಅವನ ಕಾಲಬಳಿಯ ಸೀಮೆಎಣ್ಣೆ ಡಬ್ಬ. ಚರಂಡಿಯಲ್ಲಿ ಹಿಡಿದ ಇಪ್ಪತ್ತು ಕಪ್ಪೆಗಳು ಅದರೊಳಗೆ ಒಂದರ ಮೇಲೊಂದು ಲೋಳೆ ಸುರಿಸುತ್ತ ಕೂತಿರುತ್ತಿದ್ದವು. ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಅವನು ಮೂರು ವರ್ಷದಿಂದ ಹಂಗಾಮಿ ಅಟೆಂಡರು. ಕಪ್ಪೆಯ ನಾತ ಒಳಗೆ ಬರಬಾರದೆಂದು ಹೆಂಡತಿ ಈಶ್ವರಮ್ಮ ಅವನ ತಟ್ಟೆಯನ್ನು ಜಗಲಿಗೇ ತಂದಿಡುತ್ತಿದ್ದಳು. ಕೆಲಸ ಖಾಯಮಾದರೆ ಕಪ್ಪೆ ಬಿಟ್ಟು ಆಫೀಸಿಗೆ ವರ್ಗ ಕೇಳಬಹುದು ಎಂಬುದೊಂದೇ ಅವನ ಆಸೆ.

ಅಧ್ಯಾಪಕ ಗೋವಿಂದಯ್ಯನವರಿಗೆ ಜೀವಶಾಸ್ತ್ರವೆಂದರೆ ಪ್ರಾಣ, ಕಪ್ಪೆಯೆಂದರೆ ವಾಕರಿಕೆ. ಕೊಯ್ಯುವುದು, ಚರ್ಮ ಸುಲಿಯುವುದು, ನರ ಬಿಡಿಸುವುದು ಉಜ್ಜನಪ್ಪನ ಪಾಲು. ಮೂಗಿಗೆ ಅತ್ತರಿನ ಕರವಸ್ತ್ರ ಹಿಡಿದು ವಿವರಿಸುವುದು ಅವರ ಪಾಲು.

೧೯೪೩ರಲ್ಲಿ ಕಾಲೇಜಿನ ತನಿಖೆಗೆ ವಿಶ್ವವಿದ್ಯಾಲಯದಿಂದ ಒಬ್ಬ ಸಾಹೇಬರು ಬರುವವರಿದ್ದರು.

"ಲೋಳೆ ಕಾಣಬಾರ್ದು, ನಾತ ಬರಬಾರ್ದು ಕಣಯ್ಯ. ಎಲ್ಲಾ ಸರಿಹೋದ್ರೆ ನಿನ್ನ ಖಾಯಂ ಮಾಡ್ಸೋದು ನನ್ ಜವಾಬ್ದಾರಿ" ಎಂದರು ಗೋವಿಂದಯ್ಯ.

ಭದ್ರೆಯ ಮೀನಿಗೆ ಈಶ್ವರಮ್ಮ ಮಾಡುವುದನ್ನೇ ಉಜ್ಜನಪ್ಪ ಮಾಡಿದ. ಸುಲಿದ ಕಪ್ಪೆಕಾಲನ್ನು, ಜೋತ ನರದ ಸಮೇತ, ಹುಣಸೆನೀರಿನಲ್ಲಿ ಅದ್ದಿ ಚೆನ್ನಾಗಿ ತೊಳೆದ.

ಸಾಹೇಬರ ಎದುರು ಗೋವಿಂದಯ್ಯ ನರಕ್ಕೆ ವಿದ್ಯುತ್ ತಂತಿ ಮುಟ್ಟಿಸಿದರು. ಜಿಗಿಯಬೇಕಾದ ಕಾಲು ಹಳಸಿದ ಪಲ್ಯದಂತೆ ಬಿದ್ದಿತ್ತು. "ದಣಿದಿದೆ" ಎಂದು ಅಡ್ರಿನಲಿನ್ ಹನಿಸಿದರು. ಹೆದರಿದಾಗ ಮೈಯೊಳಗೆ ಉಕ್ಕುವ ಈ ರಸ ದಣಿದ ಕಾಲನ್ನೂ ಎಬ್ಬಿಸುತ್ತದೆಂದು ಹದಿನೈದು ನಿಮಿಷ ವಿವರಿಸಿದರು. ಕಾಲು ಕಿವಿಗೊಡಲಿಲ್ಲ. ರಸವೆಲ್ಲ ಗೋವಿಂದಯ್ಯನವರ ಮೈಯಲ್ಲೇ ಉಕ್ಕುತ್ತಿರುವುದು ಮಾತ್ರ ಎಲ್ಲರಿಗೂ ಕಂಡಿತು.

"ಏನ್ ಮಾಡ್ದೆಯೋ ಇದಕ್ಕೆ?" ಎಂದು ಅವರು ಉಜ್ಜನಪ್ಪನತ್ತ ತಿರುಗಿದರು.

"ಹುಣಸೆನೀರಲ್ಲಿ ತೊಳ್ದೆ ಸ್ವಾಮಿ. ಮೀನಿನ ಲೋಳೆ ಹಂಗೇ ಹೋಗೋದು."

ಸಾಹೇಬರು ಮುಖ ಕಿವುಚಿದರು, ಆಮೇಲೆ ನಕ್ಕರು. "ಹುಳಿ ಜಾಸ್ತಿಯಾದ್ರೆ ನರದಲ್ಲಿ ವಿದ್ಯುತ್ ಹರಿಯೋದೇ ನಿಲ್ಲುತ್ತೆ. ಉಪ್ಪುನೀರಲ್ಲಿ ನೆನೆಸಿ ನೋಡೋಣ."

ಹತ್ತು ನಿಮಿಷ ನೆನೆಸಿ ತಂತಿ ಮುಟ್ಟಿಸಿದ್ದೇ ತಡ, ಕಾಲು ನೆಗೆದು ಉಪ್ಪು, ಹುಳಿ, ರಕ್ತ ಬೆರೆತ ನೀರನ್ನು ಗೋವಿಂದಯ್ಯನವರ ಮೀಸೆಗೆ ಸಿಡಿಸಿತು. ಅವರು ಉಬ್ಬಳಿಕೆ ನುಂಗಿಕೊಂಡು, "ಹುಳಿಯ ಪರಿಣಾಮ ತೋರ್ಸೋಕೆ ನಾನೇ ಹೇಳಿಟ್ಟಿದ್ದೆ ಸಾರ್" ಎಂದರು.

"ಸಂತೋಷ. ಇವನನ್ನ ಖಾಯಂ ಮಾಡಿ. ಆದ್ರೆ ಕಪ್ಪೆ ಬಿಡಿಸಿ ಬೇರೆ ಕಡೆ ಕಳಿಸ್ಬೇಡಿ. ಇಂಥ ಕೈ ಸಿಗೋದಿಲ್ಲ."

"ಸ್ವಾಮಿ, ಆಫೀಸಲ್ಲೊಂದು ಜಾಗ..." ಎಂದು ಬೇಡುತ್ತ ಉಜ್ಜನಪ್ಪ ಅದೇ ಲೋಳೆಗೈಯಲ್ಲಿ ಪಾದ ಹಿಡಿಯಲು ಬಗ್ಗಿದ.

"ಥೂ, ಮುಟ್ಬೇಡ!" ಎನ್ನುತ್ತ ಸಾಹೇಬರು ಎರಡೇ ಹೆಜ್ಜೆಯಲ್ಲಿ ಬಾಗಿಲು ದಾಟಿದರು. ಗೋವಿಂದಯ್ಯ ಅವರಿಗಿಂತ ಮುಂದಿದ್ದರು.