ನೊರೆಹಾಲಿನ ತೂಕ

ಆಗ ನಾನು ಮೈಸೂರಿನ ಒಂದು ದಿನಪತ್ರಿಕೆಗೆ ಊರಿನ ಸುದ್ದಿ ಬರೆಯುತ್ತಿದ್ದೆ. ಮನೆ ಮಂಡಿ ಮೊಹಲ್ಲಾದಲ್ಲಿತ್ತು. ನಮ್ಮ ಬೀದಿಗೆ ಹಾಲು ತರುತ್ತಿದ್ದ ಹೆಂಗಸು, ಕರೆದ ಹಾಲು ಆರದಿರಲೆಂದು ಹಿತ್ತಾಳೆ ಪಾತ್ರೆಗೆ ಗೋಣಿತಾಟು ಸುತ್ತಿಕೊಂಡು ಓಡೋಡಿ ಬರುತ್ತಿದ್ದಳು. ಮನೆಮನೆಯಲ್ಲೂ ಮೊದಲು ಪಾತ್ರೆ ಮುಟ್ಟಿ ನೋಡುತ್ತಿದ್ದರು. ಬೆಚ್ಚಗಿದ್ದರೆ ಈಗಷ್ಟೇ ಕರೆದದ್ದು, ನೀರು ಬಿದ್ದಿಲ್ಲ ಎಂದು ಲೆಕ್ಕ. ಅವಳ ಹಾಲಿಗೆ ಅದೇ ಸಾಕ್ಷಿ.

ಒಂದು ಬೆಳಿಗ್ಗೆ ಹಾಲಿನ ತಪಾಸಣೆಗೆ ಬಂದ ನಗರಸಭೆಯ ಇನ್‌ಸ್ಪೆಕ್ಟರು ಬೀದಿಯಲ್ಲೇ ಅವಳನ್ನು ನಿಲ್ಲಿಸಿ, ಗೀಟು ಹಾಕಿದ ಗಾಜಿನ ಕಡ್ಡಿಯೊಂದನ್ನು ಹಾಲಿನಲ್ಲಿ ಬಿಟ್ಟರು. ನೀರು ಬೆರೆತ ಹಾಲು ಹಗುರ. ಅದರಲ್ಲಿ ಕಡ್ಡಿ ಹೆಚ್ಚು ಆಳಕ್ಕೆ ಇಳಿಯುತ್ತದೆ. ಇಳಿಯಿತು.

“ಏನಮ್ಮ, ಹಸೂನ್ ಕರೆದ್ಯೋ, ಕೊಳಾಯಿನ್ ಕರೆದ್ಯೋ?”

“ಅಯ್ಯೋ, ಮುಟ್ಟಿ ನೋಡಿ ಸ್ವಾಮಿ, ಇನ್ನೂ ಬೆಚ್ಚಗದೆ!”

ಹಾಲನ್ನು ಚರಂಡಿಗೆ ಸುರಿಸಿದರು. ನಾನು ಕಂಡದ್ದನ್ನು ಗುರುತು ಹಾಕಿಕೊಂಡು ನಾಲ್ಕು ಸಾಲು ಬರೆದೆ. ಹೆಸರು ಹಾಕಲಿಲ್ಲ. ಆದರೆ ನಮ್ಮ ಬೀದಿಗೆ ಹಾಲು ತರುತ್ತಿದ್ದವಳು ಅವಳೊಬ್ಬಳೇ. ಪತ್ರಿಕೆ ಓದಿದವರು ಒಬ್ಬೊಬ್ಬರಾಗಿ ಬಾಗಿಲಲ್ಲೇ ಬೇಡ ಎಂದರು.

ನಮ್ಮ ತಾಯಿ ಮಾತ್ರ ಅವಳ ಹಾಲು ಬಿಡಲಿಲ್ಲ. “ಇಷ್ಟು ಕೆನೆ ಕಟ್ಟೋ ಹಾಲಿಗೆ ನೀರು ಎಲ್ಲಿಂದ ಬಂತೋ? ನೀನು ಹಾಲು ನೋಡಿ ಬರೆದ್ಯೋ, ಕಡ್ಡಿ ನೋಡಿ ಬರೆದ್ಯೋ?”

ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಗೆಳೆಯನಿಂದ ಅಂಥದೇ ಕಡ್ಡಿಯನ್ನು ಎರವಲು ತಂದೆ. ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸಾಲಾಗಿಟ್ಟೆ. ಸಕ್ಕರೆ ಪಾಕದಲ್ಲಿ ಕಡ್ಡಿ ತಲೆಯೆತ್ತಿ ನಿಂತಿತು. ನೀರಿನಲ್ಲಿ ಇಳಿಯಿತು. ಎಳ್ಳೆಣ್ಣೆ ನೀರಿಗಿಂತ ಗಟ್ಟಿ, ಅದರಲ್ಲಿ ಎದ್ದು ನಿಲ್ಲುತ್ತದೆ ಎಂದುಕೊಂಡಿದ್ದೆ, ಪೂರ್ತಿ ಮುಳುಗಿಹೋಯಿತು. ಗಟ್ಟಿಯಾದದ್ದೆಲ್ಲ ಭಾರ ಎಂದು ಅದುವರೆಗೆ ನಂಬಿದ್ದೆ, ಜಿಡ್ಡು ನೀರಿಗಿಂತ ಹಗುರ ಎಂದು ಆಗ ತಿಳಿಯಿತು.

“ಒಗ್ಗರಣೆಗೂ ವರದಿ ಬರೀತೀಯೇನೋ?” ಎಂದರು ತಾಯಿ.

ಅಷ್ಟರಲ್ಲಿ ಆಕೆ ಹಾಲು ತಂದಳು. ನೊರೆ ಇನ್ನೂ ಇಳಿದಿರಲಿಲ್ಲ. ಕಡ್ಡಿ ಅಂದಿನಂತೆಯೇ ಇಳಿಯಿತು. ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು, ಸ್ನಾನ ಮುಗಿಸಿ ಬಂದು ಮತ್ತೆ ಬಿಟ್ಟೆ. ಸರಿಯಾದ ಗೀಟಿಗೆ ನಿಂತಿತು. ಅದೇ ಹಾಲು, ಅದೇ ಕಡ್ಡಿ. ಬೆಚ್ಚಗಿರುವುದೆಲ್ಲ ಹಿಗ್ಗಿ ಹಗುರಾಗುತ್ತದೆ. ಆರಿದ ಮೇಲೆ ನೋಡಬೇಕಿತ್ತು.

ಇನ್‌ಸ್ಪೆಕ್ಟರು ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. “ಇರಬಹುದು ಕಣ್ರೀ. ಆದ್ರೆ ಆ ಹಾಲು ಎಲ್ಲಿದೆ ಈಗ?” ಎಂದರು. ಸಂಪಾದಕರು ಕನ್ನಡಕ ತೆಗೆದರು. “ತಿದ್ದುಪಡಿ ಅಂತ ಏನು ಹಾಕೋಣ? ಹಾಲು ಬೆಚ್ಚಗಿತ್ತು ಅಂತಲೇ? ನಾವು ಹಾಕಿದ್ದು ನಡೆದದ್ದನ್ನೇ ಅಲ್ಲವೇನ್ರೀ?” ನಡೆದದ್ದೇನೋ ನಿಜ.

ಮರುದಿನ ಬಾಗಿಲಲ್ಲಿ ಆಕೆಗೆ, ಹಾಲು ತಣ್ಣಗೆ ಮಾಡಿಕೊಂಡು ಬಾ ಎಂದೆ. ಆಕೆ ನನ್ನನ್ನೇ ನೋಡಿದಳು.

“ಆರಿದ್ರೆ ನೀರು ಉಯ್ದವ್ಳೆ ಅಂತಾರೆ. ಬೆಚ್ಚಗಿದ್ರೆ ನಿಮ್ಮ ಕಡ್ಡಿ ಮುಳುಗ್ತದೆ. ನಾನೇನ್ ಮಾಡ್ಲಿ, ನೀವೇ ಯೋಳಿ ಸ್ವಾಮಿ. ಪೇಪರ್ನಾಗೆ ಇನ್ನೊಂದ್ಸಲ ಬರ್ದ್‌ಬುಡಿ, ನಾನು ಕಳ್ಳಿ ಅಲ್ಲ ಅಂತ.”

ಸಂಪಾದಕರು ಒಪ್ಪಲಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ನೋಡೋಣ ಎಂದೆ.

ಒಂದೇ ಮನೆಗಾಗಿ ದಿನವೂ ಓಡೋಡಿ ಬರುವುದು ಎಷ್ಟು ದಿನ ನಡೆದೀತು? ಆಕೆ ಬರುವುದು ನಿಂತಿತು. ಮನೆ ಎಲ್ಲೆಂದು ನಾವು ಯಾರೂ ಕೇಳಿಟ್ಟುಕೊಂಡಿರಲಿಲ್ಲ. ಆಮೇಲೆ ಬಂದವನ ಹಾಲು ತಣ್ಣಗಿತ್ತು. ಕಡ್ಡಿ ಹಿಂತಿರುಗಿಸುವ ಮುನ್ನ ಅದರಲ್ಲೂ ಬಿಟ್ಟು ನೋಡಿದೆ. ಸರಿಯಾದ ಗೀಟಿಗಿಂತ ಒಂದು ಕೂದಲೆಳೆಯಷ್ಟು ಮೇಲೆಯೇ ನಿಂತಿತು.

ಕಾಯಿಸಿದ ಮೇಲೆ ತಾಯಿ ಪಾತ್ರೆಯನ್ನು ನನ್ನ ಮುಂದೆ ತಂದಿಟ್ಟರು. ಹಗುರಾದ ಕೆನೆಯನ್ನು ಮೊದಲೇ ತೆಗೆದಿದ್ದ ಹಾಲು, ಮೇಲೆ ಏನೂ ಕಟ್ಟಿರಲಿಲ್ಲ.