ಅಮ್ಮ ಹಿಮದಲ್ಲಿ ಜಾರಿದ ಬೆಟ್ಟ

ನಮ್ಮನ್ನು ನೋಡಲೆಂದು 2020ರ ಆರಂಭದಲ್ಲಿ ಮೈಸೂರಿನಿಂದ ಅಮೆರಿಕದಲ್ಲಿ ನಾವಿರುವ ಶ್ಯಾಂಟಿಲಿಗೆ ಬಂದ ಅಮ್ಮ, ವಿಮಾನಗಳು ನಿಂತುಹೋದದ್ದರಿಂದ ಇಲ್ಲೇ ಉಳಿದುಬಿಟ್ಟಳು. ಚಳಿಗಾಲದ ಹೊತ್ತಿಗೆ ಮನೆಯ ಗೋಡೆ ನೋಡಿ ನೋಡಿ ಎಲ್ಲರಿಗೂ ಸಾಕಾಗಿತ್ತು. ನನ್ನ ಕೆಲಸ, ಮಗಳ ಶಾಲೆ ಎರಡೂ ಲ್ಯಾಪ್‌ಟಾಪಿನಲ್ಲೇ ನಡೆಯುತ್ತಿದ್ದವು. ಎಲ್ಲಿದ್ದರೇನು ಎಂದು ಉತ್ತರ ಕೆರೊಲಿನಾದ ಬೆಟ್ಟದ ಮೇಲಿನ ಪುಟ್ಟ ಸ್ಕೀ ಹಳ್ಳಿಯೊಂದರಲ್ಲಿ ವಾರದ ಮಟ್ಟಿಗೆ ಮನೆ ಹಿಡಿದೆವು.

ಊರೆಂದರೆ ಒಂದೇ ರಸ್ತೆ. ಅಕ್ಕಪಕ್ಕ ಸ್ಕೀ ಬಾಡಿಗೆಗೆ ಕೊಡುವ ಅಂಗಡಿಗಳು, ತುದಿಯಲ್ಲಿ ಬಿಳಿ ಇಳಿಜಾರು. ಅಮ್ಮ ಸೀರೆಯ ಮೇಲೆ ನನ್ನ ಜಾಕೆಟ್ ಹಾಕಿಕೊಂಡು ಬೇಲಿಯ ಬಳಿ ನಿಂತು ಮೊಮ್ಮಗಳು ಸ್ಕೀ ಕಲಿಯುವುದನ್ನು ನೋಡುತ್ತಿದ್ದಳು. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ, "ನಿನ್ನ ಪ್ಯಾಂಟ್ ಒಂದು ಕೊಡೇ, ನಾನೂ ಜಾರಿ ನೋಡ್ತೀನಿ" ಅಂದಳು.

ಈ ವಯಸ್ಸಿನಲ್ಲಿ ಸೊಂಟ ಮುರಿದರೆ ಗತಿಯೇನು, ಆಸ್ಪತ್ರೆಗೆ ಹೋಗುವ ಕಾಲವೇ ಇದು ಎಂದೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಬಿದ್ರೆ ಎದ್ದೇಳ್ತೀನಿ ಬಿಡು" ಅಂದಳು.

ಮಕ್ಕಳು ಕಲಿಯುವ ಸಣ್ಣ ಇಳಿಜಾರಿನಲ್ಲಿ ಮೊಮ್ಮಗಳೇ ಅವಳ ಮೇಡಮ್ಮು. ಎರಡು ಸಲ ಅಮ್ಮ ಬಿದ್ದಳು. ಆಮೇಲೊಮ್ಮೆ ಕೈ ಅಗಲಿಸಿಕೊಂಡು ಕೆಳಗಿನವರೆಗೂ ಜಾರಿ, ಹಿಮದಲ್ಲೇ ಕುಳಿತು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಅಪ್ಪ ಹೋದ ಮೇಲೆ ಅವಳ ಆ ನಗುವನ್ನು ನಾನು ಕೇಳಿಯೇ ಇರಲಿಲ್ಲ.

ಮೈಸೂರಿಗೆ ಮರಳಿದ ಮೇಲೂ ಫೋನಿನಲ್ಲಿ ಆ ಊರಿನದೇ ಮಾತು. ಹಿಮ ಬಿತ್ತಾ, ಅಂಗಡಿಗಳೆಲ್ಲ ತೆರೆದಿವೆಯಾ ಎಂದು ಕೇಳುತ್ತಿದ್ದಳು. ಮಂಡಿ ನೋವು ಕಡಿಮೆಯಾದರೆ ಬರುತ್ತೇನೆ ಎನ್ನುತ್ತಿದ್ದಳು. ಕಳೆದ ಮಳೆಗಾಲದಲ್ಲಿ ತೀರಿಕೊಂಡಳು.

ಈ ಜನವರಿಯಲ್ಲಿ ನಾನೂ ಮಗಳೂ ಅಲ್ಲಿಗೆ ಹೋದೆವು. ಆ ಸಲದಷ್ಟು ಹಿಮವಿರಲಿಲ್ಲ. ಯಂತ್ರದಿಂದ ಹಾರಿಸಿದ ಹಿಮದ ಪಟ್ಟೆಯ ಆಚೀಚೆ ಕಂದು ಹುಲ್ಲು ಕಾಣುತ್ತಿತ್ತು. ನನ್ನೆತ್ತರಕ್ಕೆ ಬೆಳೆದಿರುವ ಮಗಳು ದೊಡ್ಡ ಇಳಿಜಾರಿಗೆ ಹೋಗುತ್ತಾಳೆಂದುಕೊಂಡಿದ್ದೆ. ಅವಳು ಮಕ್ಕಳ ಇಳಿಜಾರಿನ ಬಳಿ ನಿಂತು, "ಅಮ್ಮ, ನೀನೂ ಟ್ರೈ ಮಾಡು. ನಾನು ಹಿಡ್ಕೋತೀನಿ" ಅಂದಳು. ಎಂದೂ ಸ್ಕೀ ಮುಟ್ಟದ ನಾನು ಬೂಟು ಬಾಡಿಗೆಗೆ ತಂದೆ. ಮಧ್ಯಾಹ್ನವೆಲ್ಲ ಅಲ್ಲೇ ಜಾರಿದೆವು.

ರಾತ್ರಿ ಊಟ ಮುಗಿಸಿ, ಒದ್ದೆ ಕಾಲುಚೀಲಗಳನ್ನು ಹೀಟರಿನ ಹತ್ತಿರ ಹರಡುತ್ತ, ಮೈಸೂರಿನಲ್ಲಿ ಈಗ ಎಷ್ಟು ಗಂಟೆಯೆಂದು ಲೆಕ್ಕ ಹಾಕಿದೆ. ಬೆಳಗಾಗಿತ್ತು. ಅಮ್ಮ ಎದ್ದು ಹಾಲು ಕಾಯಿಸಲು ಇಡುತ್ತಿದ್ದ ಹೊತ್ತು.